ಯಂಕಪ್ಪನ ಮೊದಲ ಎಡೆ

ಶಂಕ್ರೆವ್ವನ ಬಾಯಿಗೆ ಮುಂಡರಗಿ ಸಂತೆಯೇ ಹೆದರುತ್ತಿತ್ತು. ಅವಳು ಬರುವುದನ್ನು ಕಂಡರೆ ಕಾಯಿಪಲ್ಯೆ ಮಾರುವವರು ತಕ್ಕಡಿ ಸರಿಮಾಡಿಕೊಳ್ಳುತ್ತಿದ್ದರು. ಅಂಥವಳ ಬಾಯಿ ಕಟ್ಟಿದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಗಂಡ ಯಂಕಪ್ಪ ತನ್ನ ಅಕ್ಕನನ್ನು ಕರೆತರಲೆಂದು ಗಡಿಯಾಚೆ ನಿಜಾಮನ ಸೀಮೆಗೆ ಹೋಗಿದ್ದ. ಅಲ್ಲಿ ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರು ಅವನನ್ನು ಕೊಂದರು. ಹೆಣವೂ ಸಿಗಲಿಲ್ಲ. ಮಣ್ಣು ಕೊಡುವ ಭಾಗ್ಯವೂ ಇಲ್ಲದ ಹೆಂಗಸು ಎಷ್ಟೆಂದು ಅತ್ತಾಳು? ಮಳೆಗಾಲವೆಲ್ಲ ಅತ್ತಳು.

ಅಷ್ಟರಲ್ಲಿ ನಿಜಾಮನ ಆಳ್ವಿಕೆ ಬಿತ್ತು. ಊರ ಗಂಡಸರಿಗೆ ಎಲ್ಲಿಲ್ಲದ ಪೌರುಷ ಬಂತು! ಅದನ್ನು ತೋರಿಸಿದ್ದು ಯಾರ ಮೇಲೆ? ರಜಾಕಾರರನ್ನು ಕಣ್ಣಿಂದಲೂ ಕಾಣದ, ತಮ್ಮದೇ ಊರಿನ ಮುಲ್ಲಾ ನಿಜಾಮುದ್ದೀನನ ಮೇಲೆ. ಅವನು ಬಾಂಗ್ ಕೂಗಕೂಡದು, ಅವನನ್ನು ಯಾರೂ ಮನೆಗೆ ಕರೆಯಕೂಡದು ಎಂದರು. ಮುದುಕ ಬಾಗಿಲು ಹಾಕಿಕೊಂಡು ಕೂತ. ಎಲ್ಲವೂ ಯಂಕಪ್ಪನ ಹೆಸರಿನಲ್ಲೇ ನಡೆಯಿತು. ಯಂಕಪ್ಪನ ಹೆಂಡತಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಮಹಾನವಮಿ ಅಮಾವಾಸ್ಯೆ ಬಂತು. ಅಂದು ತೀರಿಕೊಂಡವರಿಗೆ ಎಡೆ ಇಡಬೇಕು. ಶಂಕ್ರೆವ್ವ ಎಡೆಗೆಂದು ಹಿತ್ತಲಲ್ಲಿ ಆಡಿನ ಮರಿ ಕಟ್ಟಿದ್ದಳು. ಆ ಕಡೆಯ ರೂಢಿಯಂತೆ, ಮನೆ ಯಾರದೇ ಆಗಿರಲಿ, ಮರಿಯನ್ನು ಮುಲ್ಲಾನೇ ಅಲ್ಲಾನ ಹೆಸರು ಹೇಳಿ ಕೊಯ್ಯಬೇಕು.

“ಈ ಸಲ ನಾನ ಕೊಯ್ತೀನಿ, ವೈನಿ. ಆ ಮುಲ್ಲಾ ನಮ್ಮ ಹೊಸ್ತಿಲ ತುಳಿಯೂದು ಬ್ಯಾಡ,” ಎಂದ ಮೈದುನ ಹನಮಪ್ಪ.

“ನಿಮ್ಮಣ್ಣ ಹುಟ್ಟಿದಾಗಿಂದ ಮುಲ್ಲಾ ಕೊಯ್ಯದ ತುಣುಕು ಬಾಯಾಗ ಇಟ್ಟಾಂವಲ್ಲ. ಸತ್ತ ಮ್ಯಾಲ ಹೊಸಾ ರೂಢಿ ಮಾಡ್ಕೋಬೇಕೇನಲೇ?”

“ಅಣ್ಣನ್ನ ಕೊಂದೋರು ಯಾ ಮಂದಿ ಅನ್ನೂದು ಮರತಿಯೇನು?”

“ನಾ ಮರಿತೀನೇನೋ, ಖೋಡಿ! ಕೊಂದೋರು ಬ್ಯಾರೆ, ಈ ಮುದುಕ ಬ್ಯಾರೆ.”

ಸೆರಗು ಬಿಗಿದು ನೇರ ಮುಲ್ಲಾನ ಮನೆಗೆ ನಡೆದಳು. “ಕಾಕಾ, ಶಂಕ್ರೆವ್ವ ಬಂದೀನಿ. ಇವತ್ತು ನಿಮ್ಮ ಯಂಕಪ್ಪನ ಎಡಿ ಐತಿ, ಬರ್ರಿ.”

ಬಾಗಿಲು ಚೂರೇ ತೆರೆಯಿತು. “ಚೂರಿ ಹಿಡ್ಕೊಂಡು ಓಣ್ಯಾಗ ಹೆಂಗ ಬರ್ಲವ್ವಾ? ಯಾರನ್ನೋ ಕಡಿಯಾಕ ಹೊಂಟಾನ ಅಂತಾರ.”

ಇದು ಅವಳಿಗೆ ಹೊಳೆದೇ ಇರಲಿಲ್ಲ. “ಹಂಗಾರ ನನ್ನ ಕೈಯಾಗ ಕೊಡ್ರಿ,” ಎಂದಳು.

ಚೂರಿ ಹಿಡಿದು ಅವಳು ಮುಂದೆ, ಮುಲ್ಲಾ ಹಿಂದೆ. ಕಟ್ಟೆಯ ಮೇಲೆ ಕೂತವರು ಕಣ್ಣು ಕಣ್ಣು ಬಿಟ್ಟರು. “ಏನ್ ನೋಡ್ತೀರಿ? ನನ್ನ ಗಂಡಗ ಎಡಿ ಇಡಾಕತ್ತೀನಿ. ಉಣ್ಣೋರು ಬರ್ರಿ!” ಎಂದಳು.

ಹಿತ್ತಲಲ್ಲಿ ಮುಲ್ಲಾ ಮರಿಯನ್ನು ಮಲಗಿಸಿದ. ಗೋಡೆಗೆ ಒರಗಿ ನಿಂತಿದ್ದ ಹನಮಪ್ಪನ ಕಡೆ ನೋಡಿದ.

“ಅಲ್ಲಾನ ಹೆಸರು ಸಣ್ಣ ದನೀಲೆ ಅನ್ನಲೇನವ್ವಾ?”

ಆಗ ಶಂಕ್ರೆವ್ವನಿಗೆ ಅಳು ತಡೆಯಲಿಲ್ಲ. “ದೊಡ್ಡ ದನೀಲೆ ಅನ್ರಿ, ಕಾಕಾ. ಅವನ ಹೆಣ ಎಲ್ಲಿ ಬಿದ್ದೈತೋ ಯಾರಿಗೆ ಗೊತ್ತು. ಅಲ್ಲೀತನಕ ಕೇಳಸ್ಲಿ. ಮನ್ಯಾಗ ಎಡಿ ಐತಿ ಅಂತ ಅವಗ ಗೊತ್ತಾಗ್ಲಿ.”

ಮರಿ ಕೊಸರಾಡಿತು. ಮುಲ್ಲಾ ಒಬ್ಬನ ಕೈಗೆ ಅದು ನಿಲ್ಲುವಂತಿರಲಿಲ್ಲ. ಹನಮಪ್ಪ ಬಂದು ಕುಕ್ಕರಿಸಿ ಅದರ ಹಿಂಗಾಲು ಹಿಡಿದ. ತಲೆ ಎತ್ತಲಿಲ್ಲ.

“ಅನ್ರಿ, ಕಾಕಾ,” ಎಂದ. “ಅಣ್ಣಗ ಕೇಳಂಗ ಅನ್ರಿ.”