ಅವ್ವ ಎದ್ದು ನಿಲ್ಲುವ ಹೊತ್ತು

ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡದ್ದು ಎಂಬತ್ತರ ದಶಕದ ಒಂದು ಚಳಿಗಾಲದಲ್ಲಿ. ಗುಲ್ಬರ್ಗದ ದವಾಖಾನೆಯಲ್ಲಿ ಆಪರೇಷನ್ ಮಾಡಿ, ಒಳಗೆ ರಾಡು ಕೂರಿಸಿ ಕಳಿಸಿದರು. ಆಗ ನಾನು ಅಫಜಲಪುರದಲ್ಲಿ ಶಾಲೆಯ ಟೀಚರು. ದೀರ್ಘ ರಜೆ ಹಾಕಿ ಮಣ್ಣೂರಿನ ಮನೆಗೆ ಬಂದೆ. ಅವ್ವನನ್ನು ನೋಡಿಕೊಳ್ಳಲು ಇದ್ದವರು ಮಗಳಾದ ನಾನು ಮತ್ತು ಅಣ್ಣ. ಇಬ್ಬರಿಗೂ ಎಲುಬಿನ ವಿಷಯ ಏನೂ ತಿಳಿಯದು, ಹೆದರಿಕೆ ಮಾತ್ರ ಬೇಕಾದಷ್ಟಿತ್ತು.

“ಎಲುಬು ಇನ್ನಾ ಹಸಿ ಅದ, ಅಳ್ಳಾಡಿಸಬ್ಯಾಡ್ರಿ, ಗಾಳಿ ಸೋಕಬಾರದು” ಎಂದು ನೋಡಲು ಬಂದವರೆಲ್ಲ ಹೇಳಿಹೋದರು. ದವಾಖಾನೆಯವರು ಹೇಳಿದ್ದು ನಮ್ಮ ತಲೆಯಲ್ಲಿ ನಿಲ್ಲಲಿಲ್ಲ, ಇದು ನಿಂತಿತು. ಕಿಟಕಿಯಿಲ್ಲದ ನಡುಮನೆಯ ಮಂಚದ ಮೇಲೆ ಹಾಸಿಗೆ ಹಾಕಿ, ಕೌದಿ ಹೊದಿಸಿ, ಬಾಗಿಲು ಮುಚ್ಚಿದೆವು.

ಆದರೆ ಅವ್ವನನ್ನು ಮಲಗಿಸುವುದು ಅಷ್ಟು ಸುಲಭವಿರಲಿಲ್ಲ. ದಿನಾ ಮುಂಜಾನೆ ಊರ ಅಯ್ಯನವರು ಕಾಲಿಗೆ ಜಂಗು ಕಟ್ಟಿಕೊಂಡು, ಗಲ್ ಗಲ್ ಎನಿಸುತ್ತ ಭಿಕ್ಷೆಗೆ ಬರುತ್ತಿದ್ದರು. ಜಂಗಮರು ಬಾಗಿಲಿಗೆ ಬಂದಾಗ ಕುಳಿತಿರುವುದು ಅವ್ವನ ಲೆಕ್ಕದಲ್ಲಿ ದೊಡ್ಡ ತಪ್ಪು. ತಲೆ ಮೇಲೆ ಸೆರಗು ಹೊದ್ದು, ನಿಂತೇ ಜೋಳಿಗೆಗೆ ಹಾಕಬೇಕು. ದವಾಖಾನೆಯಿಂದ ಬಂದ ಮರುದಿನವೇ ಜಂಗಿನ ಸಪ್ಪಳ ಕೇಳಿ ಏಳಲು ಹೋಗಿ, ನೋವಿಗೆ ಚೀರಿಕೊಂಡಳು. ಅಣ್ಣನ ಜೀವ ಹೋದಂತಾಯಿತು. ಓಡಿಹೋಗಿ ಅಯ್ಯನವರ ಕಾಲು ಹಿಡಿದ.

“ಅಯ್ಯನೋರ, ಅವ್ವ ಆರಾಮ ಆಗೋತನಕ ನಮ್ಮ ಓಣಿಗೆ ಬರಬ್ಯಾಡ್ರಿ. ಭಿಕ್ಷಾ ನಾನೇ ಮಠಕ್ಕ ಮುಟ್ಟಸ್ತೀನಿ.”

ಅಂದಿನಿಂದ ಓಣಿಯಲ್ಲಿ ಜಂಗಿನ ಸಪ್ಪಳ ನಿಂತಿತು. ಅವ್ವನೂ ಏಳುವ ಮಾತು ಬಿಟ್ಟಳು. ನಮಗೆ ಹಾಯೆನಿಸಿತು. ತಿಂಗಳುಗಳು ಹೋದವು. ಕೌದಿ ತೆಗೆದು ಎಣ್ಣೆ ಹಚ್ಚುವಾಗ ನೋಡಿದರೆ ಅವಳ ಕಾಲು ನನ್ನ ಮುಂಗೈಯಷ್ಟಾಗಿತ್ತು. ನನಗೆ ಭಯವಾಯಿತು. ಜೀಪು ಮಾಡಿಕೊಂಡು ಮತ್ತೆ ಗುಲ್ಬರ್ಗಕ್ಕೆ ಒಯ್ದೆವು.

ಡಾಕ್ಟರು ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ಸಿಟ್ಟಿಗೆದ್ದರು. “ಮುರಿದ ಎಲುಬು ಕೂಡೇದ. ಮಲಗಿಸಿ ಮಲಗಿಸಿ ಉಳದ ಎಲುಬೆಲ್ಲ ಪೊಳ್ಳು ಮಾಡೀರಲ್ಲ! ಮೈಭಾರ ಬಿದ್ರನ ಎಲುಬಿಗೆ ಶಕ್ತಿ. ದಿನಾ ಹಿಡಕೊಂಡು ನಿಂದರಸ್ರಿ. ಬಿಸಿಲಿಗೆ ಕೂಡಸ್ರಿ. ಹಾಲು, ಮಸರು, ಎಳ್ಳಿನ ಚಟ್ನಿ ಹಿಂಡಿ ತಿನ್ನಸ್ರಿ.”

“ಮತ್ತ ಬಿದ್ರ, ಸಾಹೇಬ್ರ?” ಅಣ್ಣ ಕೇಳಿದ.

“ಬಿದ್ರ ಕಠಿಣ ಅದ. ನಿಂದರಲಿಲ್ಲಂದ್ರ ಅದಕ್ಕಿಂತಾ ಕಠಿಣ.”

ಹಿಂದಿರುಗಿ ಬರುವಾಗ ಜೀಪು ತಗ್ಗಿಗೆ ಇಳಿದಾಗಲೆಲ್ಲ ಅವ್ವನ ಎಲುಬೇ ಮುರಿಯಿತೇನೋ ಎಂದು ಕಣ್ಣು ಮುಚ್ಚುತ್ತಿದ್ದೆ. ಬಿಸಿಲಿಗೆ ಅವ್ವ ಒಪ್ಪಿದಳು, ಹಾಲಿಗೂ ಒಪ್ಪಿದಳು. ನಿಲ್ಲಲು ಮಾತ್ರ ಸುತರಾಂ ಒಪ್ಪಲಿಲ್ಲ. “ಲಟಕ್ಕಂತ ಮುರದಿದ್ದು ಇನ್ನಾ ಕಿವ್ಯಾಗ ಅದ. ನನ್ನ ಕೊಲ್ಲಬ್ಯಾಡ್ರಿ” ಎಂದು ಮಂಚದ ಕಾಲು ಹಿಡಿದುಕೊಂಡಳು. ಬೇಡಿದೆ, ಬೈದೆ, ಅತ್ತೆ. ಅವ್ವ ಜಪ್ಪಯ್ಯ ಅಂದರೂ ಮಂಚ ಬಿಡಲಿಲ್ಲ.

ಕಡೆಗೆ ನಾನೇ ಮಠಕ್ಕೆ ಹೋಗಿ, “ನಾಳಿಂದ ಬರ್ರಿ ಅಯ್ಯನೋರ” ಎಂದು ಬೇಡಿಕೊಂಡೆ. ಅಣ್ಣನಿಗೆ ಸಿಟ್ಟು. “ಬಿದ್ದು ಸತ್ರ ನಿನ್ನ ತಲಿಮ್ಯಾಲೆ” ಎಂದ.

ಮುಂಜಾನೆ ಜಂಗಿನ ಸಪ್ಪಳ ಕೇಳಿದ್ದೇ ತಡ, ಅವ್ವ ಕೌದಿ ಸರಿಸಿ ಕಾಲು ಇಳಿಸಿದಳು. ನಾವಿಬ್ಬರೂ ಎರಡೂ ಕಡೆ ರಟ್ಟೆ ಹಿಡಿದೆವು. ಎದ್ದಳು! ಅಯ್ಯನವರು ನಡುಮನೆಯ ಬಾಗಿಲತನಕ ಬಂದು ಜೋಳಿಗೆ ಒಡ್ಡಿದರು. ಹಿಡಿ ಜೋಳ ಹಾಕಿ ದೊಪ್ಪನೆ ಕುಳಿತಳು. ಮರುದಿನ ಮತ್ತೆ ಎದ್ದಳು. ಅಯ್ಯನವರೂ ಜಾಣರು, ದಿನ ಕಳೆದಂತೆ ಒಂದಿಷ್ಟು ಹಿಂದಕ್ಕೆ ನಿಲ್ಲತೊಡಗಿದರು. ಅವ್ವನ ಜೊತೆಗೆ ನಾವೂ ಹೆಜ್ಜೆ ಹಾಕುತ್ತ ಪಡಸಾಲೆ ದಾಟಿ, ತಲೆಬಾಗಿಲಿಗೆ ಮುಟ್ಟಿದೆವು.

ನನ್ನ ಅಂಜಿಕೆ ಮಾತ್ರ ಒಂದಿಷ್ಟೂ ಕಡಿಮೆಯಾಗಲಿಲ್ಲ. ಬೆಳಗಾಗೆದ್ದು ಶಹಾಬಾದ್ ಫರಸಿಕಲ್ಲಿನ ನೆಲದ ಮೇಲೆ ಒಂದು ಹನಿ ನೀರು, ಒಂದು ಕಾಳು ಇರದ ಹಾಗೆ ಒರೆಸುತ್ತಿದ್ದೆ. ಜಂಗು ದೂರದಲ್ಲಿ ಕೇಳಿದರೆ ಸಾಕು, ಓಡಿಬಂದು ಅವ್ವನ ರಟ್ಟೆ ಹಿಡಿಯುತ್ತಿದ್ದೆ.

ಒಂದು ಮುಂಜಾನೆ ಅಣ್ಣ ಹೊಲಕ್ಕೆ ಹೋಗಿದ್ದ, ನಾನು ಹಿತ್ತಲಲ್ಲಿ ನೀರು ಸೇದುತ್ತಿದ್ದೆ. ಅಯ್ಯನವರು ಅಂದು ಬೇಗ ಬಂದುಬಿಟ್ಟರು. ಜಂಗಿನ ಸಪ್ಪಳ ನಮ್ಮ ಬಾಗಿಲಲ್ಲೇ ಕೇಳಿದಾಗ ಕೊಡ ಬಾವಿಗೇ ಬಿಟ್ಟು ಓಡಿದೆ. ನಡುಮನೆಯ ಮಂಚ ಬರಿದು. ಬಿದ್ದಳು, ಮುಗಿಯಿತು ಎಂದುಕೊಂಡು ಪಡಸಾಲೆಗೆ ಬಂದೆ.

ಅವ್ವ ತಲೆಬಾಗಿಲಲ್ಲಿ ಒಬ್ಬಳೇ ನಿಂತಿದ್ದಳು. ಎಡಗೈ ಗೋಡೆಯ ಮೇಲೆ, ಬಲಗೈಯಲ್ಲಿ ಜೋಳದ ಮೊರ. ಭಿಕ್ಷೆ ಹಾಕಿ ಶರಣು ಮಾಡಿದಳು. ಹೊರಳುವಾಗ ಕಾಲು ಒಂದಿಷ್ಟು ತಡವರಿಸಿತು. ನಾನು ಹಾರಿಹೋಗಿ ಹಿಡಿಯಬೇಕು, ಅಷ್ಟರಲ್ಲಿ ಗದರಿದಳು.

“ಅಲ್ಲೇ ನಿಂದ್ರ ಬೇ! ನೀ ಹಿಡಕೊಂಡ್ರ ನಿನ್ನ ಕೈ ಥರಥರ ನಡಗತದ. ಅದಕ್ಕ ನನಗ ಅಂಜಿಕಿ ಬರ್ತದ.”

ನಾನು ಕೈ ಹಿಂದಕ್ಕೆ ಕಟ್ಟಿಕೊಂಡು, ಅವ್ವ ಗೋಡೆ ಹಿಡಿದು ಮಂಚ ಮುಟ್ಟುವತನಕ, ಅಲ್ಲೇ ನಿಂತೆ.