ಅಣ್ಣನ ಹೆಸರಿನಲ್ಲಿ ಒಯ್ದ ನೆಗ್ಗಿಲುಮುಳ್ಳು

ಹರಿಹರದ ಬಜಾರಿನಲ್ಲಿರುವ ನಮ್ಮ ಗ್ರಂಧಿಗೆ ಅಂಗಡಿ ಅಬ್ಬಾನದು. ಅವರ ಕಣ್ಣು ಮಂಜಾದ ಮೇಲೆ ವ್ಯಾಪಾರಕ್ಕೆ ನಾನು ಕೂತೆ. ಬೇರು, ತೊಗಟೆ, ಒಣಕಾಯಿಗಳ ವಾಸನೆಯಲ್ಲೇ ಬೆಳೆದವಳಾದ್ದರಿಂದ ಸಾಮಾನು ಗುರುತಿಸುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಗಂಡಸರು. ಅಬ್ಬಾನ ಕಿವಿಯಲ್ಲಿ ಪಿಸುಗುಟ್ಟಿ ಔಷಧಿ ಒಯ್ಯುತ್ತಿದ್ದವರು ನನ್ನನ್ನು ಕಂಡರೆ ಸೋಂಪು ಕಟ್ಟಿಸಿಕೊಂಡು ಹೊರಟುಬಿಡುತ್ತಿದ್ದರು.

ಎರಡು ವರ್ಷದ ಹಿಂದೆ ಒಬ್ಬರು ಬಂದರು. ನಲವತ್ತೈದರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಹೆಗಲಿಗೆ ಆಫೀಸಿನ ಚೀಲ. ದಾವಣಗೆರೆಯಿಂದ ಬಸ್ಸಿನಲ್ಲಿ ಬಂದಿದ್ದರು. ಅಲ್ಲೇನು ಗ್ರಂಧಿಗೆ ಅಂಗಡಿ ಇಲ್ಲವೇ ಅಂತ ನಾನು ಕೇಳಲಿಲ್ಲ.

"ನೆಗ್ಗಿಲುಮುಳ್ಳು ಐತೇನ್ರಿ?"

"ಐತ್ರಿ. ಯಾರಿಗೆ?"

"ನಮ್ಮ ಅಣ್ಣಗ್ರಿ."

ಅಣ್ಣನಿಗೆ ಉರಿಮೂತ್ರವಂತೆ, ಕೆಳಹೊಟ್ಟೆ ಭಾರವಂತೆ, ಕೂತರೆ ನೋವಂತೆ. ಡಾಕ್ಟರು ಪ್ರೊಸ್ಟೇಟ್ ಗ್ರಂಥಿಗೆ ಸೋಂಕು ತಗಲಿ ಊದಿದೆ ಅಂತ ಗುಳಿಗೆ ಬರೆದುಕೊಟ್ಟಿದ್ದರಂತೆ. ಉಷ್ಣವಾಗುತ್ತದೆ ಅಂತ ಅಣ್ಣ ಅರ್ಧಕ್ಕೇ ಬಿಟ್ಟರಂತೆ. ನಾನು ನೆಗ್ಗಿಲುಮುಳ್ಳು ಜಜ್ಜಿ ಪೊಟ್ಟಣ ಕಟ್ಟಿದೆ. ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸಿ ಕುಡಿಯಲಿ ಅಂತ ಹೇಳಿದೆ.

ಮತ್ತೆ ಬಂದರು. ಕುಂಬಳಬೀಜ ಒಯ್ದರು, ಕೊಮ್ಮೆಬೇರಿನ ಪುಡಿ ಒಯ್ದರು. ಒಮ್ಮೆ ಮೊಬೈಲಿನಲ್ಲಿ ಯಾವುದೋ ಪರದೇಶದ ಹಣ್ಣಿನ ಕ್ಯಾಪ್ಸೂಲು, ಜಿಂಕ್ ಗುಳಿಗೆ ತೋರಿಸಿ, "ಅಣ್ಣ ಇವನ್ನೂ ತರಿಸ್ಯಾರ್ರಿ, ಕಷಾಯದ ಜೊತೆಗೆ ನಡೀತಾವೇನ್ರಿ?" ಅಂದರು. ನನಗೆ ತಿಳಿಯದು ಅಂದೆ. ಸ್ಟೂಲು ತೋರಿಸಿ "ಕೂಡ್ರಿ" ಅಂದರೆ "ಬ್ಯಾಡ್ರಿ, ನಿಂತ್ಕಂತೀನಿ" ಅನ್ನುತ್ತಿದ್ದರು. ಕಾಯಿಲೆ ಯಾರದು ಅಂತ ಎರಡನೇ ಸಲ ಬಂದಾಗಲೇ ನನಗೆ ಗೊತ್ತಾಗಿತ್ತು.

ಆದರೂ ಬಾಯಿಬಿಡಲಿಲ್ಲ.

"ಅಣ್ಣಾರಿಗೆ ಖಾರ ಕಮ್ಮಿ ಮಾಡಾಕ ಹೇಳ್ರಿ," ಅನ್ನುತ್ತಿದ್ದೆ.

"ಹೇಳ್ತೀನ್ರಿ. ಮಾತೇ ಕೇಳಲ್ಲ ಅವರು," ಅಂತ ಅವರು ಗಂಭೀರವಾಗಿ ಉತ್ತರಿಸುತ್ತಿದ್ದರು.

ಅವರ ಮಾನ ಉಳಿಸುತ್ತಿದ್ದೇನೆ ಅಂತ ನನಗೆ ಒಳಗೊಳಗೇ ಒಂದು ಸಮಾಧಾನವೂ ಇತ್ತು. ಹೀಗೇ ಎರಡು ತಿಂಗಳು ಕಳೆಯಿತು.

ಒಂದು ಮಧ್ಯಾಹ್ನ ಬಂದವರು ನಡುಗುತ್ತಿದ್ದರು. ಸುಡುಬಿಸಿಲಿನಲ್ಲೂ ಸ್ವೆಟರ್ ಹಾಕಿದ್ದರು. "ಅಣ್ಣಗ ಚಳಿಜ್ವರ್ರಿ. ಬೆಳಗ್ಗಿಂದ ಮೂತ್ರ ಹನಿ ಹನಿ ಅಷ್ಟೇ. ಇನ್ನೂ ಜೋರಿಂದು ಏನಾರ ಕೊಡ್ರಿ."

ಕೈಯಲ್ಲಿದ್ದ ಪೊಟ್ಟಣ ಕೆಳಗಿಟ್ಟೆ. "ಸರ, ಇದು ಕಷಾಯಕ್ಕೆ ಬಗ್ಗೋದಲ್ರಿ. ಅಣ್ಣಾರನ್ನ ಈಗಲೇ ಆಸ್ಪತ್ರೆಗೆ ಕರ್ಕಂಡು ಹೋಗ್ರಿ."

ಅವರು ಹೆಗಲಿನ ಚೀಲ ಇಳಿಸಿಟ್ಟರು. ಆಮೇಲೆ ಮೆಲ್ಲಗೆ, "ಅಣ್ಣ ಅಂತ ಯಾರೂ ಇಲ್ರಿ ಅಕ್ಕಾರ. ನಾನೇ," ಅಂದರು.

"ಗೊತ್ತೈತ್ರಿ. ನಡ್ರಿ."

ಅಬ್ಬಾನನ್ನು ಅಂಗಡಿಯಲ್ಲಿ ಕೂರಿಸಿ, ಅವರನ್ನು ಆಟೋ ಹತ್ತಿಸಿ ನಾನೂ ಹತ್ತಿದೆ. ದಾರಿಯಲ್ಲಿ ಅವರು ಫೋನು ನನ್ನ ಕೈಗಿಟ್ಟು, "ನಮ್ಮ ಮನ್ಯಾಕಿಗೆ ನೀವೇ ಹೇಳ್ರಿ, ನನಗೆ ಆಗಲ್ಲ," ಅಂದರು. ಹೇಳಿದೆ. ಆ ಕಡೆಯಿಂದ ಬಂದದ್ದು ಒಂದೇ ಮಾತು: "ಯಾವ ಆಸ್ಪತ್ರೆ?"

ಡಾಕ್ಟರು ಮೊದಲು ನಳಿಗೆ ಹಾಕಿ ಮೂತ್ರ ತೆಗೆಸಿದರು, ಇಂಜೆಕ್ಷನ್ ಶುರು ಮಾಡಿದರು. ಏನೇನು ತಗೊಂಡಿದ್ದಾರೆ ಅಂತ ಕೇಳಿದಾಗ ಪಟ್ಟಿ ಒಪ್ಪಿಸಿದವಳು ನಾನು. ಅವರು ಬೈಯಲಿಲ್ಲ. "ಇವು ಸೋಂಕು ಕೊಲ್ಲಲ್ಲಮ್ಮ. ಗುಳಿಗೆ ಅರ್ಧಕ್ಕೆ ಬಿಟ್ಟಿದ್ದೇ ತಪ್ಪಾಯ್ತು," ಅಂದರಷ್ಟೆ. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಅವರ ಹೆಂಡತಿ ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಿಂದ ಓಡೋಡಿ ಬಂದರು. ಗಂಡನನ್ನು ನೋಡಿ ಹೊರಗೆ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತರು. "ಎರಡು ತಿಂಗಳಿಂದ ಬ್ಯಾರೆ ಕೋಣ್ಯಾಗ ಮಲಗ್ತಿದ್ರು. ನನ್ನ ಮ್ಯಾಲೆ ಏನೋ ಬೇಜಾರು ಅನ್ಕಂಡಿದ್ದೆ," ಅಂತ ಸೆರಗಿನಿಂದ ಮುಖ ಒರೆಸಿಕೊಂಡರು. ನಾನು ಅವರ ಕೈ ಹಿಡಿದುಕೊಂಡೆ.

ಸಂಜೆ ಅಬ್ಬಾನಿಗೆ ಎಲ್ಲ ಹೇಳಿದೆ. ಅವರು ಕೇಳಿದ್ದು ಇಷ್ಟೇ: "ಗೊತ್ತಾದ ದಿನಾನೇ ಯಾಕ ಹೇಳ್ಲಿಲ್ಲ ಬೇಟಿ?"

"ಅವರಿಗೆ ನಾಚಿಕೆ ಆಗ್ತಿತ್ತು, ಅಬ್ಬಾ."

"ಅವರಿಗಾ, ನಿನಗಾ?"



ದಾವಣಗೆರೆಯವರು ವಾರಗಟ್ಟಲೆ ಗುಳಿಗೆ ನುಂಗಿ ಗುಣವಾದರು. ಈ ಸಲ ಒಂದನ್ನೂ ತಪ್ಪಿಸಲಿಲ್ಲ. ಎಣಿಸಿ ಕೊಟ್ಟವರು ಹೆಂಡತಿ. ಆಮೇಲೆ ಗಂಡಹೆಂಡತಿ ಹರಿಹರೇಶ್ವರನ ಗುಡಿಗೆ ಬಂದವರು ಅಂಗಡಿಗೂ ಬಂದು ಚಹಾ ಕುಡಿದು ಹೋದರು. ಕುಂಬಳಬೀಜ ತಿನ್ನಲು ಅಡ್ಡಿಯಿಲ್ಲ, ಔಷಧಿ ಅಂತ ಮಾತ್ರ ನಂಬಬೇಡಿ ಅಂದಿದ್ದರಂತೆ ಡಾಕ್ಟರು.

ಈಗ ಯಾರಾದರೂ ತಡವರಿಸುತ್ತ ಇಂಥ ಔಷಧಿ ಕೇಳಿದರೆ ತಕ್ಕಡಿಗೆ ಕೈ ಹಾಕುವ ಮೊದಲು ನೇರವಾಗಿ ಕೇಳುತ್ತೇನೆ. ಜ್ವರ ಐತೇನ್ರಿ? ಮೂತ್ರ ಕಟ್ಟೈತೇನ್ರಿ? ಡಾಕ್ಟರಿಗೆ ತೋರ್ಸೀರಾ? ಕೆಲವರು ತಲೆ ತಗ್ಗಿಸಿ ಹೊರಟುಬಿಡುತ್ತಾರೆ. ಹೆಚ್ಚಿನವರು ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, ಹೇಳಲು ಶುರು ಮಾಡುತ್ತಾರೆ.