ಕೊನೆಯ ಪುಟದ ಹೆಬ್ಬೆರಳು

ಆಸ್ಪತ್ರೆಯ ಚರ್ಮದ ಡಾಕ್ಟರನ್ನು ಎಲ್ಲರೂ ಬೆನ್ನ ಹಿಂದೆ ‘ಕಜ್ಜಿ ಮೇಡಂ’ ಎನ್ನುತ್ತಿದ್ದರು. ಹೃದಯದವರಿಗೆ ಮಹಡಿಯಲ್ಲಿ ಗಾಜಿನ ಬಾಗಿಲು, ತಣ್ಣನೆಯ ಗಾಳಿ. ಇವರಿಗೆ ಮೆಟ್ಟಿಲ ಕೆಳಗೆ, ಮುರಿದ ಗಾಲಿಕುರ್ಚಿಗಳ ಪಕ್ಕ ಒಂದು ಗೂಡು. ಆ ಗೂಡಿನಲ್ಲಿ ಕೂತ ಹೆಂಗಸಿನ ಹಟದಿಂದ ನಾನಿವತ್ತು ಉಸಿರಾಡುತ್ತಿದ್ದೇನೆ. ಅದನ್ನು ಹೇಳದಿದ್ದರೆ ತಿಂದ ಅನ್ನ ಅರಗುವುದಿಲ್ಲ.

ನಾನು ಗೋಡೆಗೆ ಬಣ್ಣ ಹೊಡೆಯುವವನು. ಎಡಗಾಲ ಹೆಬ್ಬೆರಳಿನ ಉಗುರಿನಲ್ಲಿ ಕಪ್ಪು ಗೆರೆಯೊಂದು ಮೂಡಿ ಅಗಲವಾಗುತ್ತಾ ಹೋಯಿತು. ನೋವಿಲ್ಲ, ತುರಿಕೆಯಿಲ್ಲ. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ತಲೆ ತಿಂದಳು.

“ಬಣ್ಣದವನ ಕಾಲಲ್ಲಿ ಬಣ್ಣ ಇರದೆ ಇನ್ನೇನಿರುತ್ತೇ?” ಎಂದು ಅವಳ ಬಾಯಿ ಮುಚ್ಚಿಸಿದೆ.

ಅಷ್ಟರಲ್ಲಿ ನಮ್ಮ ಬೀದಿಯ ಡಾಕ್ಟರ ಕ್ಲಿನಿಕ್ಕಿಗೇ ಬಣ್ಣ ಹೊಡೆಯುವ ಕೆಲಸ ಸಿಕ್ಕಿತು. ಜ್ವರ, ಕೆಮ್ಮು, ಹೊಟ್ಟೆನೋವು ಎಲ್ಲಕ್ಕೂ ಅವರೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ವೈದ್ಯರ ಪತ್ರಿಕೆಯೊಂದನ್ನು ಹಿಂದಿನಿಂದ ತಿರುವುತ್ತಿದ್ದರು. ಮುಂದಿನ ಉದ್ದುದ್ದ ಲೇಖನಗಳು ಊಟಕ್ಕೆ ಒಗ್ಗವು. ಕೊನೆಯ ಪುಟದಲ್ಲಾದರೆ ‘ಇದೇನು ಹೇಳಿ’ ಎಂಬ ಚಿತ್ರವಿರುತ್ತಿತ್ತು. ನಾನು ಬರಿಗಾಲಲ್ಲಿ ಏಣಿ ಹತ್ತಿದ್ದೆ. ನನ್ನ ಹೆಬ್ಬೆರಳು ಸರಿಯಾಗಿ ಅವರ ಮೂಗಿನ ಮುಂದೆ. ಅವರು ಪುಟದಲ್ಲಿದ್ದ ಕಪ್ಪು ಗೆರೆಯ ಹೆಬ್ಬೆರಳು ನೋಡಿದರು, ನನ್ನ ಕಾಲು ನೋಡಿದರು. ಕೈಯಲ್ಲಿದ್ದ ತುತ್ತು ಡಬ್ಬಿಗೆ ಬಿತ್ತು.

“ಇಳೀರಿ ಕೆಳಗೆ.”

“ಇನ್ನೊಂದು ಗೋಡೆ ಇದೆ ಸಾರ್.”

“ಗೋಡೆ ಹಾಳಾಗ್ಲಿ, ಇಳೀರಿ!”

ಆ ಚಿತ್ರ ಕಳಿಸಿದ್ದವರು ಕಜ್ಜಿ ಮೇಡಂ. ಡಾಕ್ಟರು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವರಲ್ಲಿಗೇ ಒಯ್ದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು, ಕಾಲಿನ ಜೊತೆ ನಾನೂ ಉಳಿದೆ.

ಕಟ್ಟು ಬದಲಿಸುತ್ತಾ ಮೇಡಂ ತಮ್ಮ ಕತೆ ಹೇಳಿದರು. ಅವರ ಗುರುಗಳ ಕಾಲದಲ್ಲಿ ಆ ಪತ್ರಿಕೆಯಲ್ಲಿ ಚರ್ಮಕ್ಕೂ ಧಾರಾಳ ಜಾಗವಿತ್ತಂತೆ. ಬರಬರುತ್ತಾ ಹೃದಯ, ಸಕ್ಕರೆ ಕಾಯಿಲೆ, ಹೊಸ ಔಷಧಿಗಳು ಪುಟ ತುಂಬಿಕೊಂಡವು. ಚರ್ಮದವರು ತಮ್ಮದೇ ಪತ್ರಿಕೆ ಮಾಡಿಕೊಂಡು ಬೇರೆ ಸಂಸಾರ ಹೂಡಿದರು. ಇವರೊಬ್ಬರು ಮಾತ್ರ ಹಳೆಯ ಮನೆಯ ಬಾಗಿಲನ್ನೇ ತಟ್ಟಿದರು. ಬರೆದದ್ದೆಲ್ಲ ವಾಪಸ್ ಬಂತು. ಕಡೆಗೆ ದಕ್ಕಿದ್ದು ಆ ಒಂದು ಚಿತ್ರ, ಕೆಳಗೆ ನಾಲ್ಕು ಸಾಲು. ಮಕ್ಕಳ ಒಗಟಿನ ಪುಟ ಎಂದು ಜೊತೆಯವರು ನಕ್ಕರಂತೆ.

“ನಿಮ್ಮವರ ಪತ್ರಿಕೆಗೇ ಕೊಡಬಹುದಿತ್ತಲ್ಲ ಮೇಡಂ?”

“ಅದನ್ನ ನಮ್ಮೋರೇ ಓದ್ತಾರೆ. ಜನ ಮೊದಲು ನಮ್ಮ ಹತ್ರ ಬರ್ತಾರಾ? ಬೀದಿ ಡಾಕ್ಟ್ರ ಹತ್ರ ಹೋಗ್ತಾರೆ, ಅವರು ಓದೋದು ಇದನ್ನ. ಆದ್ರೂ ನಂಗೂ ಸಾಕಾಗಿ ಹೋಗಿತ್ತು. ಕ್ಯಾಮೆರಾ ಬೀರುಗೆ ಸೇರಿಸಿಬಿಟ್ಟಿದ್ದೆ.”

“ನಾನು ಯಾರ ಹತ್ರಾನೂ ಹೋಗಿರಲಿಲ್ಲ ಮೇಡಂ” ಎಂದು ಏಣಿಯ ಕತೆ ಹೇಳಿದೆ. ಅವರ ಕೈ ನಿಂತಿತು.

“ಡಾಕ್ಟ್ರು ಊಟ ಮಾಡ್ತಾ ನೋಡಿದ್ರಾ?”

“ತುತ್ತು ಕೈಯಿಂದ ಬಿತ್ತು ಮೇಡಂ.”

ಅವರು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಬೀರು ತೆಗೆದರು, ಕ್ಯಾಮೆರಾದ ಧೂಳು ಊದಿದರು.

“ಇನ್ನೂ ಎಷ್ಟು ಡಾಕ್ಟ್ರು ಊಟಕ್ಕೆ ಕೂತಿರ್ತಾರೋ” ಎಂದರು, “ಆ ಕಾಲು ಚಾಚಿ, ಇದನ್ನೂ ಕಳಿಸೋಣ.”